ಎಲುಬು, ನೆರಳು, ಪರರ ಕಣ್ಣು: ಮನುಷ್ಯಾಕೃತಿ ಬಿಡಿಸಲು ಮಾಡಿದ ಮೂರು ಅಭ್ಯಾಸಗಳ ಹೋಲಿಕೆ

ನಾನು ಮನುಷ್ಯರ ಚಿತ್ರ ಬಿಡಿಸಲು ಕಲಿಯತೊಡಗಿದ್ದು ನಲವತ್ತು ದಾಟಿದ ಮೇಲೆ. ಮುಖಗಳು ಒಂದು ಮಟ್ಟಿಗೆ ಹೋಲುತ್ತಿದ್ದವು. ಕತ್ತಿನಿಂದ ಕೆಳಗೆ ಮಾತ್ರ ಎಲ್ಲರೂ ಗೋಣಿಚೀಲಕ್ಕೆ ಅಂಗಿ ತೊಡಿಸಿದಂತೆ ಕಾಣುತ್ತಿದ್ದರು. ಇದನ್ನು ತಿದ್ದಿಕೊಳ್ಳಲು ಬಲ್ಲವರು ಸೂಚಿಸುವ ದಾರಿಗಳು ಮೂರು: ಶರೀರರಚನೆಯ ಅಧ್ಯಯನ, ನೆರಳು-ಬೆಳಕಿನ ಅಭ್ಯಾಸ, ಮತ್ತು ಜೊತೆಯಲ್ಲಿ ಕಲಿಯುತ್ತಿರುವವರ ಮುಂದೆ ಚಿತ್ರವಿಟ್ಟು ಅವರ ಅಭಿಪ್ರಾಯ ಕೇಳುವುದು. ದಿನಕ್ಕೆ ಮುಕ್ಕಾಲು ಗಂಟೆಗಿಂತ ಹೆಚ್ಚು ಬಿಡುವಿಲ್ಲದ ನನಗೆ ಮೂರನ್ನೂ ಒಟ್ಟಿಗೆ ಹಿಡಿಯುವುದು ಸಾಧ್ಯವಿರಲಿಲ್ಲವಾದ್ದರಿಂದ ಒಂದೊಂದಕ್ಕೂ ಹತ್ತು ವಾರ ಮೀಸಲಿಟ್ಟೆ. ಪ್ರತಿ ಅವಧಿಯ ಕೊನೆಗೆ ಕಾಲೇಜಿಗೆ ಹೋಗುವ ಅಣ್ಣನ ಮಗನನ್ನು ಒಂದೇ ಭಂಗಿಯಲ್ಲಿ, ಅಂದರೆ ಬಲಗಾಲಿನ ಮೇಲೆ ಭಾರ ಹಾಕಿ ಎಡಗೈಯನ್ನು ಸೊಂಟದ ಮೇಲಿಟ್ಟು ನಿಲ್ಲಿಸಿ, 20 ನಿಮಿಷದಲ್ಲಿ ಒಂದು ಚಿತ್ರ ಮುಗಿಸುತ್ತಿದ್ದೆ. ಎಲ್ಲಕ್ಕೂ ಮೊದಲು ಬಿಡಿಸಿದ್ದನ್ನು ಸೇರಿಸಿ ನಾಲ್ಕು ಹಾಳೆಗಳು ಗೋಡೆಯ ಮೇಲಿವೆ. ಅವನ್ನು ಎದುರಿಗಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಶರೀರರಚನೆಯ ಅಧ್ಯಯನವನ್ನು ನಾನು ತಪ್ಪಾಗಿ ಆರಂಭಿಸಿದೆ. ವಯಸ್ಕರ ದೇಹದಲ್ಲಿರುವ 206 ಎಲುಬುಗಳನ್ನೂ ಹೆಸರು ಸಮೇತ ಬಾಯಿಪಾಠ ಮಾಡಹೊರಟು ಎರಡು ವಾರ ಕಳೆದ ಮೇಲೆ, ಚಿತ್ರ ಬಿಡಿಸುವವನಿಗೆ ಮುಖ್ಯವಾಗಿ ಬೇಕಿರುವುದು ಚರ್ಮದಡಿಯಲ್ಲಿ ಎದ್ದು ಕಾಣುವ ಕೆಲವೇ ಗುರುತುಗಳು ಎಂಬುದು ಅರ್ಥವಾಯಿತು: ಕೊರಳೆಲುಬುಗಳು, ಹೆಗಲ ತುದಿ, ಎದೆಗೂಡಿನ ಕೆಳ ಅಂಚು, ಸೊಂಟದೆಲುಬಿನ ಮುಂದಿನ ಎರಡು ಮೊನೆಗಳು, ಮೊಣಕೈಯ ತುದಿ, ಮಂಡಿಚಿಪ್ಪು, ಪಾದದ ಮೇಲಿನ ಎರಡು ಹರಡುಗಳು. ಇವುಗಳ ಸ್ಥಾನ ಸರಿಯಾಗಿ ಬಿದ್ದರೆ ನಡುವಿನ ಮಾಂಸಲ ಭಾಗ ತುಸು ಆಚೀಚೆಯಾದರೂ ಆಕೃತಿ ನಿಲ್ಲುತ್ತದೆ. ಪ್ರಮಾಣದ ವಿಷಯದಲ್ಲಿ, ಸಾಮಾನ್ಯ ವಯಸ್ಕರ ಎತ್ತರ ಸುಮಾರು ಏಳೂವರೆ ತಲೆಯಷ್ಟಿರುತ್ತದೆ ಎಂಬ ಲೆಕ್ಕ ಉಪಯೋಗಕ್ಕೆ ಬಂತು. ನಮ್ಮ ಶಿಲ್ಪಶಾಸ್ತ್ರದ ನವತಾಲವೂ ಇಂಥದೇ ಲೆಕ್ಕ: ಮುಖದ ಉದ್ದ 12 ಅಂಗುಲ, ಒಟ್ಟು ಎತ್ತರ 108 ಅಂಗುಲ. ಆದರೆ ಅದು ದೇವತಾಮೂರ್ತಿಗಳಿಗೆ ಹೇಳಿದ್ದು. ಅಣ್ಣನ ಮಗನಿಗೆ ಅನ್ವಯಿಸಿದರೆ ಅವನು ಬಹಳ ಸುಂದರನಾಗಿಬಿಡುತ್ತಾನೆ.

ಈ ಹತ್ತು ವಾರಗಳಲ್ಲಿ ಕೈಗೆ ತಕ್ಷಣ ಒಲಿದ ಪಾಠ ಕಾಲಿನದು. ಮೀನಖಂಡದ ಉಬ್ಬು ಹೊರಬದಿಯಲ್ಲಿ ಮೇಲಕ್ಕೂ ಒಳಬದಿಯಲ್ಲಿ ಕೆಳಕ್ಕೂ ಇರುತ್ತದೆ. ಹರಡುಗಳಲ್ಲಿ ಇದು ತಿರುಗುಮುರುಗಾಗಿ, ಒಳಗಿನದು ಮೇಲೆ, ಹೊರಗಿನದು ಕೆಳಗೆ. ಈ ಎರಡು ಓರೆಗಳನ್ನು ಗಮನಿಸಿದ ದಿನದಿಂದ ನನ್ನ ಕಾಲುಗಳು ಕಂಬಗಳಂತೆ ಕಾಣುವುದು ನಿಂತಿತು. ಭಾರ ಹೊತ್ತ ಕಾಲಿನ ಕಡೆ ಸೊಂಟ ಮೇಲೇರುತ್ತದೆ, ಅದೇ ಕಡೆಯ ಹೆಗಲು ಇಳಿಯುತ್ತದೆ, ಕೊರಳ ಗುಳಿಯಿಂದ ಗಾರೆ ಕೆಲಸದವರಂತೆ ತೂಗುಗುಂಡು ಇಳಿಬಿಟ್ಟರೆ ಅದು ಹೆಚ್ಚುಕಡಿಮೆ ಆ ಕಾಲಿನ ಪಾದದ ಬಳಿಯೇ ಬಂದು ನಿಲ್ಲುತ್ತದೆ. ಬೇಲೂರಿನ ಮದನಿಕೆಯರ ತ್ರಿಭಂಗಿಯನ್ನು ಎಷ್ಟೋ ಬಾರಿ ನೋಡಿದ್ದರೂ ಆ ಬಳುಕಿನ ಹಿಂದೆ ಎಲುಬಿನ ಇಂಥ ಲೆಕ್ಕವಿದೆ ಎಂದು ಹೊಳೆದಿರಲಿಲ್ಲ. ಇಷ್ಟಾದರೂ ಎರಡನೆಯ ಹಾಳೆಯ ಹುಡುಗ ವೈದ್ಯಕೀಯ ಕಾಲೇಜಿನ ಗೋಡೆಪಟದಂತೆ ನಿಂತಿದ್ದಾನೆ. ಅಂಗಗಳೆಲ್ಲ ಅವುಗಳ ಜಾಗದಲ್ಲಿವೆ, ಚಲನೆಯಿಲ್ಲ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು ಚಿತ್ರಕಾರರಾಗಿದ್ದೂ ಕಥಕ್ ಕಲಿತದ್ದು ಏಕೆಂಬುದು ಈ ಹಾಳೆಯನ್ನು ನೋಡಿದಾಗ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ನೆರಳಿನ ಅಭ್ಯಾಸ ಮೂರರಲ್ಲಿ ಅತ್ಯಂತ ಸುಖದ್ದು. ಕೋಣೆಯ ಬೇರೆಲ್ಲ ದೀಪಗಳನ್ನು ಆರಿಸಿ, ಒಂದೇ ದೀಪದ ಕೆಳಗೆ ಬೇಯಿಸಿದ ಮೊಟ್ಟೆಯನ್ನಿಟ್ಟು, 2ಬಿ ಮತ್ತು 6ಬಿ ಪೆನ್ಸಿಲುಗಳಿಂದ ಆರಂಭಿಸಿ, ನಂತರ ಇದ್ದಿಲಿನ ಕಡ್ಡಿಗೆ ಬಂದೆ. ಅರೆಗಣ್ಣು ಮುಚ್ಚಿ ನೋಡಿ ಮೊದಲು ಬೆಳಕು, ನಡುಛಾಯೆ, ನೆರಳು ಎಂಬ ಮೂರೇ ಭಾಗ ಮಾಡಿಕೊಳ್ಳಬೇಕೆಂಬುದು, ನೆರಳಿನೊಳಗೆ ಪಕ್ಕದಿಂದ ಬಂದು ಬೀಳುವ ಮರುಬೆಳಕು ಎಷ್ಟೇ ಮಿನುಗಿದಂತೆ ಕಂಡರೂ ಬೆಳಕಿನ ಭಾಗದ ನಡುಛಾಯೆಗಿಂತ ಕಪ್ಪಾಗಿಯೇ ಉಳಿಯಬೇಕೆಂಬುದು, ಇಲ್ಲಿ ಕಲಿತ ಮುಖ್ಯ ಸಂಗತಿಗಳು. ಒಂದು ಮಾತನ್ನು ಮಾತ್ರ ಮಾದರಿಗಳು ನನಗೆ ಹೇಳಿಕೊಡಲಿಲ್ಲ. ನಾನು ನೋಡಿ ಕಲಿತದ್ದೆಲ್ಲ ಬಿಳಿಯ ಪ್ಲಾಸ್ಟರ್ ಪ್ರತಿಮೆಗಳನ್ನು; ನಮ್ಮ ಮನೆಯವರದೋ ಕಂದು ಮೈ. ಮೈಬಣ್ಣವನ್ನೇ ನೆರಳೆಂದು ಭ್ರಮಿಸಿ ಹಾಳೆಯನ್ನೆಲ್ಲ ಕಪ್ಪು ಮಾಡುತ್ತಿದ್ದೆ. ಕಪ್ಪು-ಕಂದು ಚರ್ಮದಲ್ಲಿ ಹಣೆ, ಮೂಗು, ಹೆಗಲ ತುದಿಗಳಲ್ಲಿ ಹೊಳೆಯುವ ಬೆಳಕಿನ ಚುಕ್ಕೆಗಳೇ ಆಕಾರವನ್ನು ಹೆಚ್ಚಾಗಿ ಹೇಳುತ್ತವೆಂದು ಗುರುತಿಸಲು ನನಗೆ ಆರು ವಾರ ಬೇಕಾಯಿತು.

ಮೂರನೆಯ ಹಾಳೆಯನ್ನು ಮನೆಗೆ ಬಂದವರೆಲ್ಲ ಹೊಗಳುತ್ತಾರೆ. ನನ್ನ ದೃಷ್ಟಿಯಲ್ಲಿ ನಾಲ್ಕರಲ್ಲಿ ಅತ್ಯಂತ ಅಪ್ರಾಮಾಣಿಕವಾದ ಚಿತ್ರ ಅದೇ. ಸೊಂಟದ ಓರೆ ಅದರಲ್ಲಿ ಮತ್ತೆ ತಪ್ಪಿದೆ, ಮತ್ತು ಆ ತಪ್ಪನ್ನು ನಾನು ಇದ್ದಿಲಿನಿಂದ ಮುಚ್ಚಿದ್ದೇನೆ. ನೆರಳು ಎಲ್ಲಿ ಆರಂಭವಾಗಬೇಕೆಂದು ನಿರ್ಧರಿಸುವುದು ದೇಹದ ಮೇಲ್ಮೈ ಎಲ್ಲಿ ತಿರುಗುತ್ತದೆ ಎಂಬ ತಿಳಿವಳಿಕೆ. ಅದಿಲ್ಲದವನು ಕಂಡ ಕಲೆಗಳನ್ನು ನಕಲು ಮಾಡುತ್ತಾನಷ್ಟೆ, ನಕಲು ಚೆನ್ನಾಗಿದ್ದರೆ ಅಡಿಪಾಯ ಸಡಿಲವಾಗಿರುವುದು ಅವನಿಗೇ ಕಾಣದಂತಾಗುತ್ತದೆ.

ಕೊನೆಯ ಹತ್ತು ವಾರ ಮೈಸೂರಿನ ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ಭಾನುವಾರ ಬೆಳಿಗ್ಗೆ ಸೇರುವ ಐದಾರು ಜನರ ಗುಂಪಿನೊಂದಿಗೆ ಕಳೆದೆ. ಉಳಿದ ದಿನಗಳಲ್ಲಿ ಒಬ್ಬನೇ ಬಿಡಿಸಿದ್ದನ್ನು ಅಲ್ಲಿ ಒಯ್ದು ಇಡುತ್ತಿದ್ದೆ. ಮೊದಲ ಎರಡು ವಾರ ವ್ಯರ್ಥ. 'ಚೆನ್ನಾಗಿ ಬಂದಿದೆ ಸಾರ್' ಎಂಬ ಮಾತಿನಿಂದ ಯಾರ ಕೈಯೂ ಸುಧಾರಿಸುವುದಿಲ್ಲ. ಆಮೇಲೆ ನಾವೇ ಒಂದು ಪದ್ಧತಿ ಮಾಡಿಕೊಂಡೆವು: ಬಿಡಿಸಿದವನು ಬಾಯಿ ತೆರೆಯಬಾರದು, ನೋಡುವವರು ಮೊದಲು ಚಿತ್ರದಲ್ಲಿರುವ ವ್ಯಕ್ತಿಯ ಭಾರ ಯಾವ ಕಾಲಿನ ಮೇಲಿದೆ ಎಂದು ಹೇಳಬೇಕು, ನಂತರ ಒಂದೇ ಒಂದು ದೋಷವನ್ನು ಬೆರಳಿಟ್ಟು ತೋರಿಸಬೇಕು. ಮೂವರು ಬೇರೆ ಬೇರೆ ವಾರಗಳಲ್ಲಿ ನನ್ನ ಚಿತ್ರಗಳಲ್ಲಿ ತೋರಿಸಿದ್ದು ಒಂದೇ ದೋಷ, ತಲೆ ದೊಡ್ಡದು ಎಂದು. ಏಳೂವರೆ ತಲೆಯ ಲೆಕ್ಕವನ್ನು ಅರೆದು ಕುಡಿದವನಿಗೆ ಇದು ಅವಮಾನದಂತೆ ಕಂಡಿತು. ಮನೆಗೆ ಬಂದು ಅಳೆದರೆ ಆರೂವರೆಗೆ ಮುಗಿದಿತ್ತು. ಕಾರಣ ತಿಳಿದದ್ದು, ಗುಂಪಿನಲ್ಲಿ ಹಿರಿಯರೊಬ್ಬರು ನಾನು ಬಿಡಿಸುವಾಗ ಬೆನ್ನ ಹಿಂದೆ ನಿಂತು ನೋಡಿದ ಮೇಲೆ. ನಾನು ಹಲಗೆಯನ್ನು ತೊಡೆಯ ಮೇಲೆ ಮಟ್ಟಸವಾಗಿ ಮಲಗಿಸುತ್ತಿದ್ದೆ. ಹಾಗಿಟ್ಟಾಗ ಹಾಳೆಯ ಮೇಲ್ಭಾಗ ಕಣ್ಣಿಗೆ ದೂರವಾಗಿ, ಕುಗ್ಗಿ ಕಾಣುತ್ತದೆ. ಆ ಕುಗ್ಗನ್ನು ಕೈ ತಾನಾಗಿ ಹಿಗ್ಗಿಸಿ ತುಂಬುತ್ತದೆ. ಹಾಳೆಯನ್ನು ಎತ್ತಿ ಹಿಡಿದಾಗ ತಲೆ ಊದಿಕೊಂಡಿರುತ್ತದೆ. ಹಲಗೆಯನ್ನು ಓರೆಯಾಗಿ ನಿಲ್ಲಿಸಿಕೊಂಡದ್ದೇ ಪರಿಹಾರ. ಇಪ್ಪತ್ತು ವಾರಗಳ ಒಂಟಿ ಅಭ್ಯಾಸದಲ್ಲಿ ಇದು ನನಗೆ ಕಾಣುವ ಸಾಧ್ಯತೆಯೇ ಇರಲಿಲ್ಲ, ಏಕೆಂದರೆ ತಪ್ಪು ಇದ್ದದ್ದು ನಾನು ಕುಳಿತ ರೀತಿಯಲ್ಲಿ.

ಗುಂಪಿನ ಮಾತಿಗೂ ಮಿತಿಯಿದೆ. ಕಲಿಯುವವರ ತಿಳಿವಳಿಕೆ ಕಲಿಯುವವರದೇ ಆದ್ದರಿಂದ ಎಲ್ಲಿ ತಪ್ಪಿದೆ ಎಂದು ಅವರು ಸರಿಯಾಗಿ ಹೇಳುತ್ತಾರೆ, ಏನು ಮಾಡಬೇಕೆಂದು ಹೇಳುವಾಗ ಎಡವುತ್ತಾರೆ. ಒಬ್ಬರ ಸಲಹೆಯಂತೆ ಒಂದು ತಿಂಗಳು ಮಣಿಕಟ್ಟುಗಳನ್ನು ಸಣ್ಣಗೆ ಮಾಡಿದೆ. ದೋಷವಿದ್ದದ್ದು ಮುಂಗೈಯ ಎರಡು ಎಲುಬುಗಳಲ್ಲಿ ಒಂದು ಅಂಗೈ ಕೆಳಮುಖವಾದಾಗ ಇನ್ನೊಂದರ ಮೇಲೆ ಹಾಯುತ್ತದೆ ಎಂಬುದನ್ನು ಮರೆತದ್ದರಲ್ಲಿ.

ನಾಲ್ಕನೆಯ ಹಾಳೆ ನಾಲ್ಕರಲ್ಲೂ ಉತ್ತಮವಾಗಿದೆ. ಅದು ಕೊನೆಯದಾದ್ದರಿಂದ ಹಿಂದಿನ ಇಪ್ಪತ್ತು ವಾರಗಳ ಪುಣ್ಯವೂ ಅದಕ್ಕೆ ಸೇರಿದೆ ಎಂಬುದನ್ನು ಒಪ್ಪಿಕೊಂಡೇ ಹೇಳುತ್ತೇನೆ, ಇನ್ನೊಮ್ಮೆ ಆರಂಭಿಸುವುದಾದರೆ ಮೊದಲ ದಿನವೇ ಗುಂಪನ್ನು ಹುಡುಕುತ್ತೇನೆ, ಅವರು ಬೆರಳಿಟ್ಟ ಜಾಗದ ಎಲುಬನ್ನು ಮಾತ್ರ ಆ ವಾರ ಓದುತ್ತೇನೆ, ಇದ್ದಿಲನ್ನು ಆರು ತಿಂಗಳು ಮುಟ್ಟುವುದಿಲ್ಲ. ಮುಖಚಿತ್ರವೇ ಗುರಿಯಾದವರಿಗೆ ಈ ಕೊನೆಯ ಮಾತು ಅನ್ವಯಿಸದು; ಅವರಿಗೆ ನೆರಳು ಬೇಗ ಬೇಕು. ಗುಂಪು ಸಿಗದ ಊರಿನಲ್ಲಿರುವವರು ಚಿತ್ರವನ್ನು ಕನ್ನಡಿಯಲ್ಲಿ ನೋಡಬಹುದು, ಅಥವಾ ಫೋನಿನಲ್ಲಿ ಫೋಟೋ ತೆಗೆದು ಎಡಬಲ ತಿರುಗಿಸಬಹುದು. ಲಿಯೊನಾರ್ಡೊ ಡ ವಿಂಚಿಯೂ ಕನ್ನಡಿಯನ್ನೇ ಶಿಫಾರಸು ಮಾಡಿದ್ದಾನೆ. ಪರರ ಕಣ್ಣಿನ ಅರ್ಧದಷ್ಟು ಕೆಲಸವನ್ನು ಅದು ಮಾಡುತ್ತದೆ.

ಸೊಂಟದ ಮೇಲಿಟ್ಟ ಎಡಗೈಯ ಬೆರಳುಗಳು ಮಾತ್ರ ನಾಲ್ಕೂ ಹಾಳೆಗಳಲ್ಲಿ ಇಲ್ಲ. ಮೊದಲನೆಯದರಲ್ಲಿ ಬೆನ್ನ ಹಿಂದೆ ಹೋಗಿವೆ, ಎರಡನೆಯದರಲ್ಲಿ ಅಂಗಿಯೊಳಗೆ, ಮೂರನೆಯದರಲ್ಲಿ ನೆರಳಿನಲ್ಲಿ. ನಾಲ್ಕನೆಯದನ್ನು ಕೆರೆಯ ದಂಡೆಗೆ ಒಯ್ದಾಗ ಎಲ್ಲರೂ ಒಟ್ಟಿಗೆ ಬೆರಳಿಟ್ಟದ್ದು ಅಲ್ಲಿಗೇ. ಮುಂದಿನ ಹತ್ತು ವಾರ ಕೈಗಳಿಗೆ.