ಗ್ರಾಮರ್ ಸ್ಕೂಲ್ ಅಂದ್ರೆ ವ್ಯಾಕರಣ ಶಾಲೆ ಅಲ್ಲ ರೀ!

ವಿಜಯಪುರದ ಗಾಂಧಿ ಚೌಕದ ಹತ್ತಿರ ಒಂದು ಅಂಗಡಿಯಲ್ಲಿ ಈ ಇಂಗ್ಲಿಷ್-ಕನ್ನಡ ಡಿಕ್ಷನರಿ ತಗೊಂಡು ಎರಡು ತಿಂಗಳಾಯಿತು. 380 ರೂಪಾಯಿ. ಹೆಸರು ಹೇಳಲ್ಲ, ಸುಮ್ನೆ ಯಾಕೆ ಜಗಳ. ಬೈಂಡಿಂಗ್ ಗಟ್ಟಿ, ಅಕ್ಷರ ದಪ್ಪ, ಚಷ್ಮಾ ಇಲ್ಲದೆ ಓದಬಹುದು. ಕಾಯಿಲೆ, ಕೋರ್ಟು-ಕಚೇರಿ ಶಬ್ದಗಳಿಗೆಲ್ಲ ಅರ್ಥ ಚೆನ್ನಾಗಿಯೇ ಕೊಟ್ಟಿದ್ದಾರೆ.

ತಕರಾರು ಶುರುವಾಗಿದ್ದು ಅಣ್ಣನ ಮಗಳಿಂದ. ಯಾವುದೋ ಇಂಗ್ಲಿಷ್ ಕಥೆ ಓದುತ್ತಿದ್ದವಳು, "ಕಾಕಾ, ಗ್ರಾಮರ್ ಸ್ಕೂಲ್ ಸೀಟು ಸಿಗಲಿಲ್ಲ ಅಂತ ಈ ಹುಡುಗ ಯಾಕ ಅಳ್ತಾನ?" ಅಂದಳು. ತೆಗೆದು ನೋಡಿದರೆ 'ವ್ಯಾಕರಣ ಶಾಲೆ'. ಅಷ್ಟೇ! ವ್ಯಾಕರಣ ತಪ್ಪಿತು ಅಂತ ಯಾವ ಹುಡುಗ ಅಳುತ್ತಾನೆ? ನಮ್ಮಲ್ಲಾದರೆ ಕುಣಿಯುತ್ತಾರೆ.

ಹೆಸರು ವ್ಯಾಕರಣದಿಂದಲೇ ಬಂದಿದ್ದು, ಖರೆ. ಹಳೇ ಕಾಲದಲ್ಲಿ ಇಂಗ್ಲೆಂಡಿನ ಈ ಶಾಲೆಗಳಲ್ಲಿ ಲ್ಯಾಟಿನ್ ವ್ಯಾಕರಣವೇ ಮುಖ್ಯ ಪಾಠ. ಆದರೆ 1944ರ ಶಿಕ್ಷಣ ಕಾಯ್ದೆ ಬಂದ ಮೇಲೆ ಅದು, ಹತ್ತು-ಹನ್ನೊಂದು ವರ್ಷಕ್ಕೆ 'ಇಲೆವನ್ ಪ್ಲಸ್' ಅನ್ನೋ ಪರೀಕ್ಷೆ ಪಾಸಾದವರಿಗೆ ಮಾತ್ರ ಸಿಗುವ, ಫೀ ಇಲ್ಲದ ಸರ್ಕಾರಿ ಹೈಸ್ಕೂಲ್ ಆಯಿತು. ಫೇಲಾದವರಲ್ಲಿ ಜಾಸ್ತಿ ಜನ 'ಸೆಕೆಂಡರಿ ಮಾಡರ್ನ್'ಗೆ ಹೋಗುತ್ತಿದ್ದರು. ನಮ್ಮ ಮಕ್ಕಳು ಐದನೇ ಇಯತ್ತೆಯಲ್ಲಿ ನವೋದಯ, ಮೊರಾರ್ಜಿ, ಸೈನಿಕ ಶಾಲೆ ಅಂತ ಕೋಚಿಂಗಿಗೆ ಓಡುತ್ತಾರಲ್ಲ, ಅದೇ ಕಥೆ. ಹೀಗಂದ ಕೂಡಲೇ ಅವಳಿಗೆ ತಿಳಿಯಿತು, ಯಾಕಂದ್ರೆ ಆ ಓಟ ಅವಳೂ ಓಡಿದ್ದಾಳೆ. 1960-70ರ ದಶಕಗಳಲ್ಲಿ, ಪರೀಕ್ಷೆ ಇಲ್ಲದೆ ಎಲ್ಲರನ್ನೂ ಸೇರಿಸಿಕೊಳ್ಳುವ 'ಕಾಂಪ್ರಿಹೆನ್ಸಿವ್' ಶಾಲೆಗಳು ಬಂದು ಗ್ರಾಮರ್ ಸ್ಕೂಲ್‌ಗಳು ಕಡಿಮೆಯಾದವು. ಇಂಗ್ಲೆಂಡಿನಲ್ಲಿ ಈಗ ಉಳಿದಿರೋದು 163. ಹೊಸದು ತೆರೆಯೋಕೆ 1998ರ ಕಾನೂನು ಬಿಡಲ್ಲ. ಅಮೆರಿಕದ ಹಿರಿಯರು ಅದೇ ಶಬ್ದ ಬಳಸಿದರೆ ಮಾತ್ರ ಸಣ್ಣ ಮಕ್ಕಳ ಪ್ರಾಥಮಿಕ ಶಾಲೆ ಅಂತ ಅರ್ಥ.

'ಪಬ್ಲಿಕ್ ಸ್ಕೂಲ್' ಇನ್ನೂ ಮಜಾ. ಈ ಡಿಕ್ಷನರಿ ಪ್ರಕಾರ 'ಸಾರ್ವಜನಿಕ ಶಾಲೆ'. ಅಮೆರಿಕಕ್ಕೆ ಸರಿ, ಅಲ್ಲಿ ಅದು ಸರ್ಕಾರಿ ಶಾಲೆಯೇ. ಇಂಗ್ಲೆಂಡಿನಲ್ಲಿ ಈಟನ್‌ನಂಥ ದುಬಾರಿ ಖಾಸಗಿ ಶಾಲೆಯನ್ನು ಹಾಗೆ ಕರೆಯುತ್ತಾರೆ. ನಮ್ಮೂರಲ್ಲೂ ಬೋರ್ಡಿನ ಮೇಲೆ 'ಪಬ್ಲಿಕ್ ಸ್ಕೂಲ್' ಅಂತಿದ್ದರೆ ಮೊದಲು ಫೀ ಕೇಳಬೇಕು, ಅಲ್ವಾ?

ಅಂದಹಾಗೆ 'ಗ್ಲಾಮರ್' ಹುಟ್ಟಿದ್ದೂ 'ಗ್ರಾಮರ್'ನಿಂದಲೇ. ಓದು ಬಲ್ಲವನಿಗೆ ಮಾಟ-ಮಂತ್ರವೂ ಗೊತ್ತು ಅಂತ ಜನ ನಂಬುತ್ತಿದ್ದ ಕಾಲದಲ್ಲಿ, ಸ್ಕಾಟ್ಲೆಂಡಿನವರ ಬಾಯಲ್ಲಿ ಆ ಶಬ್ದ ಹಾಗೆ ತಿರುಗಿತು. ಇದನ್ನು ಒಂದು ಸಾಲಿನಲ್ಲಿ ಬರೆಯೋಕೆ ಪುಟದಲ್ಲಿ ಜಾಗ ಬೇಕಾದಷ್ಟಿತ್ತು.

ಐದಕ್ಕೆ ಮೂರು ಸ್ಟಾರ್. ಅರ್ಜಿ ಬರೆಯೋಕೆ, ನೋಟಿಸ್ ಓದೋಕೆ ತಗೊಳ್ಳಿ. ಕಥೆ ಓದೋ ಮಕ್ಕಳಿಗಾದರೆ ಬೇರೆ ನೋಡಿ. ವಾಪಸ್ ಕೊಡೋಣ ಅಂದರೆ ಅದೂ ಆಗಲ್ಲ, ಅವಳು ಆಗಲೇ ಆ ಪುಟದ ಅಂಚಿನಲ್ಲಿ ಪೆನ್ನಿನಿಂದ 'ನವೋದಯ ಇದ್ದಂಗ' ಅಂತ ಬರೆದುಬಿಟ್ಟಿದ್ದಾಳೆ.