ಗ್ರುವ್‌ಬಾಕ್ಸ್ ಥೀಮ್: ಕಪ್ಪು ಟರ್ಮಿನಲ್‌ನಲ್ಲಿ ಕಾಮೆಂಟ್ ಕಾಣುತ್ತದೆಯೇ?

ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿಯಲ್ಲಿ, ಕೋಡ್ ಬರೆಯಲು ಬಳಸುವ ವಿಮ್ ಎಂಬ ಎಡಿಟರಿಗೆ ಬಣ್ಣಗಳ ಥೀಮ್ ಆರಿಸುವಾಗ ಹೆಚ್ಚಿನವರು ನೋಡುವುದು ಕೀವರ್ಡ್, ಸ್ಟ್ರಿಂಗ್‌ಗಳ ಅಂದವನ್ನು. ನೋಡಬೇಕಾದ್ದು ಕಾಮೆಂಟನ್ನು, ಅಂದರೆ ಕೋಡಿನ ನಡುವೆ ಓದುವವರಿಗಾಗಿ ಬರೆದಿಟ್ಟ ಟಿಪ್ಪಣಿಯನ್ನು. ಕೋಡ್ ಎದ್ದು ಕಾಣಲಿ ಎಂದು ಥೀಮ್ ಮಾಡುವವರು ಕಾಮೆಂಟನ್ನು ಬೇಕೆಂದೇ ಮಂಕು ಮಾಡುತ್ತಾರೆ. ಆ ಮಂಕು ಮಿತಿ ಮೀರಿದರೆ ಸಂಜೆ ಹೊತ್ತಿಗೆ ಕಣ್ಣು ಉರಿಯುತ್ತದೆ, ಮುಖ್ಯವಾದ ಸೂಚನೆಯೊಂದನ್ನು ಓದದೇ ದಾಟಿಬಿಡುತ್ತೇವೆ. ಈ ವಿಮರ್ಶೆಯಲ್ಲಿ ಗ್ರುವ್‌ಬಾಕ್ಸ್ ಅನ್ನು ಮುಖ್ಯವಾಗಿ ಅಳೆದಿರುವುದು ಅದರ ಕಾಮೆಂಟಿನಿಂದಲೇ.

ಥೀಮ್ ಹಾಕುವ ಮೊದಲಿನ ಸ್ಥಿತಿ ಹೇಗಿರುತ್ತದೆ ಅಂದರೆ: ಹೆಬ್ಬಾಳದ ಕಡೆಯ ಕಂಪನಿಯೊಂದರ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಪುಟ್ಟಿ ಎಂಬ ಟರ್ಮಿನಲ್ ಪ್ರೋಗ್ರಾಮ್ ತೆರೆದು ಸರ್ವರಿಗೆ ಲಾಗಿನ್ ಆಗಿ, ಒಂದು ಕಾನ್ಫಿಗ್ ಫೈಲ್ ತೆಗೆದರೆ, ಕಪ್ಪಿನ ಮೇಲೆ ಕಡುನೀಲಿ ಕಾಮೆಂಟ್. ಪುಟ್ಟಿ ತನ್ನನ್ನು ‘ಎಕ್ಸ್‌ಟರ್ಮ್’ ಎಂಬ ಬಗೆಯ ಟರ್ಮಿನಲ್ ಎಂದು ಪರಿಚಯಿಸಿಕೊಳ್ಳುತ್ತದೆ, ಆ ಹೆಸರಿನಿಂದ ಹಿನ್ನೆಲೆಯ ಬಣ್ಣ ತಿಳಿಯುವುದಿಲ್ಲ. ಹಿನ್ನೆಲೆ ಯಾವುದೆಂದು ಗೊತ್ತಾಗದಿದ್ದರೆ ವಿಮ್ ಅದನ್ನು ಬಿಳಿ ಎಂದೇ ಭಾವಿಸಿ ಕಾಮೆಂಟಿಗೆ ಗಾಢ ನೀಲಿ ಕೊಡುತ್ತದೆ. ಪುಟ್ಟಿಯ ಆ ನೀಲಿ ಕೆಂಪು 0, ಹಸಿರು 0, ನೀಲಿ 187. ಕಣ್ಣಿಗೆ ತಿಳಿಯುವ ಹೊಳಪಿನಲ್ಲಿ ನೀಲಿಯ ಪಾಲು ಬರೀ ಶೇ. 7ರಷ್ಟು ಇರುವುದರಿಂದ ಕಪ್ಪಿನೆದುರು ಇದರ ಕಾಂಟ್ರಾಸ್ಟ್ (ಅಕ್ಷರ, ಹಿನ್ನೆಲೆಗಳ ಹೊಳಪಿನ ಅನುಪಾತ) 1.7ಕ್ಕೆ 1 ಅಷ್ಟೇ. ಸಾಮಾನ್ಯ ಗಾತ್ರದ ಅಕ್ಷರಕ್ಕೆ ವೆಬ್ ಮಾನದಂಡ ಕೇಳುವುದು ಕನಿಷ್ಠ 4.5.

ಯಾವ ಥೀಮೂ ಬೇಡ ಎನ್ನುವವರು ವಿಮ್‌ನ ಸೆಟ್ಟಿಂಗ್‌ಗಳಿರುವ .ವಿಮ್‌ಆರ್‌ಸಿ ಫೈಲಿನಲ್ಲಿ ‘ಸೆಟ್ ಬ್ಯಾಕ್‌ಗ್ರೌಂಡ್=ಡಾರ್ಕ್’ ಎಂಬ ಒಂದು ಸಾಲು ಹಾಕಿದರೂ ಸಾಕು, ಕಾಮೆಂಟ್ ತಿಳಿ ಸಯಾನ್ ಆಗುತ್ತದೆ. ಪುಟ್ಟಿಯಲ್ಲೇ ಸರಿಮಾಡುವುದಾದರೆ ವಿಂಡೋ, ಕಲರ್ಸ್‌ಗೆ ಹೋಗಿ ‘ಆನ್ಸಿ ಬ್ಲೂ’ ಆರಿಸಿ ಬದಲಿಸಿ. ಆಮೇಲೆ ಮೇಲಿನ ‘ಸೆಷನ್’ ಪುಟಕ್ಕೆ ವಾಪಸ್ ಬಂದು ‘ಸೇವ್’ ಒತ್ತಲೇಬೇಕು. ಒತ್ತದಿದ್ದರೆ ಮುಂದಿನ ಸಲ ತೆರೆದಾಗ ಹಳೇ ನೀಲಿಯೇ ಇರುತ್ತದೆ.

ಈಗ ಗ್ರುವ್‌ಬಾಕ್ಸ್. ಡಾರ್ಕ್ ರೂಪದಲ್ಲಿ ಇದರ ಹಿನ್ನೆಲೆ #282828, ಅಂದರೆ ಪೂರ್ತಿ ಕಪ್ಪಲ್ಲ, ಬೂದು ಬೆರೆತ ಕಪ್ಪು. ಅಕ್ಷರ ಕೆನೆ ಬಣ್ಣ, ಕಾಂಟ್ರಾಸ್ಟ್ 10.7ರ ಸುತ್ತ, ಅಲ್ಲಿ ದೂರುವುದಕ್ಕೆ ಏನೂ ಇಲ್ಲ. ಕಾಮೆಂಟಿನ ಬೂದು #928374ಕ್ಕೆ ಸಿಗುವುದು 4.0. ಪಾಸ್ ಅಂಕಕ್ಕೆ ಸ್ವಲ್ಪ ಕಮ್ಮಿ. ಇದಕ್ಕೆ ಹೋಲಿಸಿದರೆ 2011ರಲ್ಲಿ ಈಥನ್ ಸ್ಕೂನೋವರ್ ಹೊರತಂದ ಸೋಲರೈಸ್ಡ್ ಡಾರ್ಕ್‌ನಲ್ಲಿ ಮೂಲ ಅಕ್ಷರಕ್ಕೇ 4.75, ಕಾಮೆಂಟಿಗೆ 2.8. ಬಣ್ಣಗಳ ಹೊಂದಾಣಿಕೆಯಲ್ಲಿ ಸೋಲರೈಸ್ಡ್ ನಿಜಕ್ಕೂ ಸೊಗಸು, ಆದರೆ ಅದು ಬೆಳಕು ಹದವಾಗಿರುವ ಕೋಣೆಗೆ, ಒಳ್ಳೆಯ ಪರದೆಗೆ ಮಾತ್ರ. ಮೈಸೂರಿನ ಮಾರ್ಚ್, ಏಪ್ರಿಲ್ ಬಿಸಿಲು ಕಿಟಕಿಯಿಂದ ಮಾನಿಟರ್ ಮೇಲೆ ಬಿದ್ದರೆ ಪ್ರತಿಫಲನ ಅಕ್ಷರಕ್ಕೂ ಹಿನ್ನೆಲೆಗೂ ಒಂದೇ ಪ್ರಮಾಣದ ಬೆಳಕು ಸೇರಿಸುತ್ತದೆ. ಕಪ್ಪು ತೆಳುವಾಗುತ್ತದೆ, ಲೆಕ್ಕದಲ್ಲಿದ್ದ 2.8 ಕಣ್ಣಿಗೆ ಅಷ್ಟೂ ಉಳಿಯುವುದಿಲ್ಲ.

ಸೋಲರೈಸ್ಡ್‌ಗೆ ಇನ್ನೊಂದು ತೊಡಕಿದೆ. ಟರ್ಮಿನಲ್ಲಿನ 16 ಬಣ್ಣಗಳಲ್ಲಿ ‘ಬ್ರೈಟ್’ ಸಾಲಿನ ಹೆಚ್ಚಿನ ಜಾಗವನ್ನು ಅದು ತನ್ನ ಬೂದುಗಳಿಗೆ ಬಳಸಿಕೊಳ್ಳುತ್ತದೆ. ಸೊನ್ನೆಯಿಂದ ಎಣಿಸಿದರೆ 8ನೇ ಬಣ್ಣ ಹಿನ್ನೆಲೆಯದೇ ಬಣ್ಣ. ಹೀಗಾಗಿ 8ನೇ ಬಣ್ಣದಲ್ಲಿ ಬರೆಯುವ ಯಾವುದೇ ಪ್ರೋಗ್ರಾಮಿನ ಅಕ್ಷರ ಪೂರ್ತಿ ಮಾಯ. ಜೆಡ್‌ಶೆಲ್ ಎಂಬ ಕಮಾಂಡ್ ಶೆಲ್‌ನ ಆಟೋಸಜೆಶನ್ (ಟೈಪ್ ಮಾಡುವಾಗಲೇ ಮುಂದಿನದನ್ನು ಸೂಚಿಸುವ ಸೌಲಭ್ಯ) ಕೆಲಸ ಮಾಡುತ್ತಿಲ್ಲ ಎಂದು ತಲೆಕೆಡಿಸಿಕೊಳ್ಳುವ ಎಷ್ಟೋ ಕಡೆ ಅದು ಕೆಲಸ ಮಾಡುತ್ತಲೇ ಇರುತ್ತದೆ, ಕಾಣುವುದಿಲ್ಲ ಅಷ್ಟೆ.

ಗ್ರುವ್‌ಬಾಕ್ಸಿನ 4.0 ಅನ್ನು ಮೇಲಕ್ಕೆತ್ತುವುದು ಸುಲಭ. .ವಿಮ್‌ಆರ್‌ಸಿಯಲ್ಲಿ ಮೊದಲು ‘ಸೆಟ್ ಬ್ಯಾಕ್‌ಗ್ರೌಂಡ್=ಡಾರ್ಕ್’, ಅದರ ಕೆಳಗೆ ‘ಲೆಟ್ ಜಿ:ಗ್ರುವ್‌ಬಾಕ್ಸ್_ಕಾಂಟ್ರಾಸ್ಟ್_ಡಾರ್ಕ್’ಗೆ ‘ಹಾರ್ಡ್’ ಎಂಬ ಬೆಲೆ, ಕೊನೆಗೆ ‘ಕಲರ್‌ಸ್ಕೀಮ್ ಗ್ರುವ್‌ಬಾಕ್ಸ್’. ಈ ಕ್ರಮ ತಪ್ಪಬಾರದು. ‘ಹಾರ್ಡ್’ ಸಾಲು ಕಲರ್‌ಸ್ಕೀಮ್ ಸಾಲಿನ ಕೆಳಗೆ ಹೋದರೆ ಯಾವ ಎರರ್ರೂ ಬರುವುದಿಲ್ಲ, ಯಾವ ಬದಲಾವಣೆಯೂ ಆಗುವುದಿಲ್ಲ. ಹಾರ್ಡ್ ಹಿನ್ನೆಲೆಯಲ್ಲಿ ಕಾಮೆಂಟ್ 4.47ಕ್ಕೆ ಏರುತ್ತದೆ. ಇನ್ನೂ ಬೇಕಿದ್ದರೆ, ಕಲರ್‌ಸ್ಕೀಮ್ ಸಾಲಿಗಿಂತ ಮೇಲೆ ‘ಆಟೋಸಿಎಂಡಿ ಕಲರ್‌ಸ್ಕೀಮ್ ಗ್ರುವ್‌ಬಾಕ್ಸ್ ಹೈಲೈಟ್! ಲಿಂಕ್ ಕಾಮೆಂಟ್ ಗ್ರುವ್‌ಬಾಕ್ಸ್‌ಎಫ್‌ಜಿ4’ ಎಂದು ಸೇರಿಸಿ. ಥೀಮಿನ ಸ್ವಂತ ಬಣ್ಣಗಳಲ್ಲೇ ಒಂದು ಮೆಟ್ಟಿಲು ತಿಳಿಯಾದ ಬೂದು ಕಾಮೆಂಟಿಗೆ ಬರುತ್ತದೆ, ಕಾಂಟ್ರಾಸ್ಟ್ 5.9. ನಮ್ಮ ಶಿಫಾರಸು ಇದೇ. ಕೋಡ್ ಇದಕ್ಕಿಂತ ಎದ್ದೇ ಕಾಣುತ್ತದೆ, ಥೀಮಿನ ಗುಣವೂ ಕೆಡುವುದಿಲ್ಲ.

ಕನ್ನಡದಲ್ಲಿ ಕಾಮೆಂಟ್ ಬರೆಯುವವರಿಗೆ ಈ 5.9 ತೀರಾ ಅಗತ್ಯ. ‘ಲೆಕ್ಕ ತಪ್ಪಿದರೆ ಇಲ್ಲಿ ನಿಲ್ಲಿಸು’ ಎಂಬ ಒಂದು ಸಾಲನ್ನು 11 ಪಾಯಿಂಟಿನಲ್ಲಿ ಇಟ್ಟು ನೋಡಿ: ಕಕಾರ, ಪಕಾರ, ಲಕಾರಗಳ ಒತ್ತುಗಳು ಕೆಳಗೆ ಕೂದಲೆಳೆಯಷ್ಟು ಗೆರೆಗಳಾಗಿ ಕೂರುತ್ತವೆ, ಮಂಕು ಬಣ್ಣದಲ್ಲಿ ಮೊದಲು ಕರಗುವುದು ಅವೇ. ಜೊತೆಗೆ ಇಟಾಲಿಕ್ (ವಾಲಿದ ಅಕ್ಷರ) ಆಫ್ ಮಾಡಿಬಿಡಿ: ‘ಜಿ:ಗ್ರುವ್‌ಬಾಕ್ಸ್_ಇಟಾಲಿಕ್’ ಬೆಲೆ 0. ನೋಟೋ ಸ್ಯಾನ್ಸ್ ಕನ್ನಡದಲ್ಲಿ ಇಟಾಲಿಕ್ ರೂಪವೇ ಇಲ್ಲ, ಬಲವಂತವಾಗಿ ವಾಲಿಸಿದ ಒತ್ತಕ್ಷರ ಓದಲು ಹಿಂಸೆ. ಟರ್ಮಿನಲ್ ಹೆಸರು ‘ಸ್ಕ್ರೀನ್’ ಎಂದಿರುವ ಕಡೆ ಇಟಾಲಿಕ್ ಬದಲು ಬಣ್ಣ ತಲೆಕೆಳಗಾದ ಪಟ್ಟಿಯೂ ಬರಬಹುದು.

ಬಣ್ಣಗಳು ಹೇಳಿದಂತೆ ಬರದೆ ಕೆಸರು ಕೆಸರಾಗಿ ಕಂಡರೆ ಥೀಮನ್ನು ಬೈಯುವ ಮೊದಲು ಟರ್ಮಿನಲ್ ಎಷ್ಟು ಬಣ್ಣ ಕೊಡುತ್ತಿದೆ ನೋಡಿ. ವಿಮ್‌ನಲ್ಲಿ ‘ಎಕೋ &ಟಿ_ಸಿಒ’ ಅಂದರೆ 256 ಬರಬೇಕು. 8 ಬಂದರೆ ಪುಟ್ಟಿಯ ಕನೆಕ್ಷನ್, ಡೇಟಾ ಪುಟದಲ್ಲಿ ಟರ್ಮಿನಲ್ ಹೆಸರನ್ನು ‘ಎಕ್ಸ್‌ಟರ್ಮ್-256ಕಲರ್’ ಎಂದು ತಿದ್ದಿ, ಸೇವ್ ಮಾಡಿ, ಮತ್ತೆ ಲಾಗಿನ್ ಆಗಿ. ಒಂದೇ ಟರ್ಮಿನಲ್ಲಿನಲ್ಲಿ ಹಲವು ಕಿಟಕಿ ಕೊಡುವ ಟಿಮಕ್ಸ್ ಒಳಗೆ ‘ಡಿಫಾಲ್ಟ್-ಟರ್ಮಿನಲ್’ ಬೆಲೆ ‘ಟಿಮಕ್ಸ್-256ಕಲರ್’ ಆಗಿರಲಿ. 256 ಬಣ್ಣಗಳಲ್ಲೂ ಗ್ರುವ್‌ಬಾಕ್ಸ್ ಚೆನ್ನಾಗಿಯೇ ನಿಲ್ಲುತ್ತದೆ. ವಿಮ್‌ನ ‘ಟರ್ಮ್‌ಗುಯಿಕಲರ್ಸ್’ ಸೆಟ್ಟಿಂಗ್ ಹಾಕಿದರೆ ಅಸಲಿ ಬಣ್ಣಗಳೇ ಬರುತ್ತವೆ, ಆದರೆ ಟರ್ಮಿನಲ್ ಅದನ್ನು ಒಪ್ಪದಿದ್ದರೆ ಬಣ್ಣಗಳೆಲ್ಲ ಅಡ್ಡಾದಿಡ್ಡಿ.

ಕಾಲೇಜ್ ಲ್ಯಾಬಿನಂತೆ ಹೊರಗಿನಿಂದ ಏನೂ ಇನ್‌ಸ್ಟಾಲ್ ಮಾಡಲು ಬಿಡದ ಕಡೆ, ವಿಮ್ 9.1 ಇದ್ದರೆ ‘ಕಲರ್‌ಸ್ಕೀಮ್ ರೆಟ್ರೋಬಾಕ್ಸ್’ ಎಂದು ಕೊಡಿ. ಗ್ರುವ್‌ಬಾಕ್ಸಿನದೇ ಬಗೆಯ ಬಣ್ಣಗಳು, ವಿಮ್ ಜೊತೆಗೇ ಬಂದಿರುತ್ತವೆ. ಅಲ್ಲಿನ ಮಾನಿಟರ್ ಹಳೆಯ ಟಿಎನ್ ಪ್ಯಾನೆಲ್ (ಎಲ್‌ಸಿಡಿ ಪರದೆಯ ಒಂದು ಬಗೆ) ಆಗಿದ್ದರೆ ಅದನ್ನು ಕಣ್ಣಿನ ನೇರಕ್ಕೆ ಓರೆ ಮಾಡಿಕೊಳ್ಳಿ. ಕೆಳಗಿನಿಂದ ನೋಡಿದರೆ ಗಾಢ ಬಣ್ಣಗಳು ಏರುಪೇರಾಗುತ್ತವೆ. ಪ್ರೊಜೆಕ್ಟರಿನಲ್ಲಿ ಪಾಠ ಮಾಡುವವರು ಮಾತ್ರ ಯಾವ ಡಾರ್ಕ್ ಥೀಮನ್ನೂ ನಂಬಬೇಡಿ, ‘ಬ್ಯಾಕ್‌ಗ್ರೌಂಡ್=ಲೈಟ್’ ಮಾಡಿಬಿಡಿ.

ಗ್ರುವ್‌ಬಾಕ್ಸ್ ಎಡವುವುದು ವಿಮ್‌ಡಿಫ್‌ನಲ್ಲಿ, ಅಂದರೆ ಎರಡು ಫೈಲುಗಳ ವ್ಯತ್ಯಾಸವನ್ನು ಅಕ್ಕಪಕ್ಕ ತೋರಿಸುವ ವಿಮ್ ರೂಪದಲ್ಲಿ. ಅಳಿಸಿದ, ಸೇರಿಸಿದ ಸಾಲುಗಳನ್ನು ಬಣ್ಣ ತಿರುಗಿಸಿ ತೋರಿಸುವುದರಿಂದ ಕೆಂಪು, ಹಸಿರಿನ ದಪ್ಪ ಪಟ್ಟಿಗಳು ಕಣ್ಣಿಗೆ ರಾಚುತ್ತವೆ. ಅದರ ಮೇಲೆ ಕೋಡಿನ ಬಣ್ಣಗಳೂ ಬೆರೆತು ಏನು ಬದಲಾಗಿದೆ ಎಂಬುದೇ ತಿಳಿಯುವುದಿಲ್ಲ. ಡಿಫ್ ನೋಡುವಷ್ಟು ಹೊತ್ತು ‘ಸಿಂಟ್ಯಾಕ್ಸ್ ಆಫ್’ ಕೊಟ್ಟರೆ ಪಟ್ಟಿಗಳು ಉಳಿದರೂ ಅಕ್ಷರವಾದರೂ ಒಂದೇ ಬಣ್ಣಕ್ಕೆ ಬರುತ್ತದೆ. ದಿನವಿಡೀ ಮರ್ಜ್ ಮಾಡುವುದೇ (ಬೇರೆ ಬೇರೆ ಬದಲಾವಣೆಗಳನ್ನು ಒಂದಾಗಿಸುವುದೇ) ಕೆಲಸವಾಗಿರುವವರು ಡಿಫ್‌ಗೆ ಬೇರೆ ಥೀಮ್ ಇಟ್ಟುಕೊಳ್ಳುವುದೇ ವಾಸಿ.