ಕೆಂಪು ದೀಪ ಮಿಟುಕಿದರೂ ಏಳದ ಸಿಮ್ ರೌಟರ್: ಹದಿನಾಲ್ಕು ತಿಂಗಳ ಬಳಕೆ

ಹುಬ್ಬಳ್ಳಿಯ ಕೇಶ್ವಾಪುರದ ಮನೆಯಲ್ಲೇ ಕುಳಿತು ಜವಳಿ ಸಾಲಿನ ಐದಾರು ಅಂಗಡಿಗಳ ಜಿಎಸ್‌ಟಿ ಲೆಕ್ಕ ನೋಡಿಕೊಳ್ಳುವವನು ನಾನು. ತಿಂಗಳ 20ರೊಳಗೆ 3ಬಿ ಎಂಬ ಮಾಸಿಕ ಜಿಎಸ್‌ಟಿ ರಿಟರ್ನ್ ಹೋಗದಿದ್ದರೆ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕ, ಮೇಲೆ ಬಡ್ಡಿ, ಅದರ ಮೇಲೆ ಸಾಹುಕಾರರ ಮಾತು. ನಮ್ಮ ಓಣಿಗೆ ಜೆಸಿಬಿ ಬಂದಾಗಲೆಲ್ಲ ಇಂಟರ್ನೆಟ್‌ನ ಫೈಬರ್ ತುಂಡಾಗುತ್ತಿತ್ತು. ಸಾಕಾಗಿ, ಕೊಪ್ಪೀಕರ ರಸ್ತೆಯಲ್ಲಿ ನಾಲ್ಕು ಸಾವಿರ ಕೊಟ್ಟು ಈ 4ಜಿ ಸಿಮ್ ರೌಟರ್ ತಂದೆ. ಫೈಬರ್ ಹೋದರೆ ತಾನಾಗಿಯೇ ಸಿಮ್‌ಗೆ ಬದಲಾಗುತ್ತದೆ ಎಂದು ಅಂಗಡಿಯವರು ಕಣ್ಣೆದುರೇ ತಂತಿ ಕಿತ್ತು ತೋರಿಸಿದ್ದರು. ಹತ್ತು ಎಣಿಸುವಷ್ಟರಲ್ಲಿ ಬದಲಾಗಿತ್ತು ಕೂಡ.

ಮೂರನೇ ತಿಂಗಳ 20ನೇ ತಾರೀಖು, ಸಂಜೆ ಏಳು. ಫೈಬರ್ ಬಂದು ಸೇರುವ ಮೋಡೆಮ್‌ನಲ್ಲಿ, ಫೈಬರ್ ಹೋಯಿತೆಂದು ಕೆಂಪು ದೀಪ ಮಿಟುಕತೊಡಗಿತು. ವೈಫೈ ಗುರುತು ತುಂಬಿದೆ, ಒಂದು ಪುಟವೂ ತೆರೆಯುತ್ತಿಲ್ಲ, ಸಿಮ್ ಹಾಯಾಗಿ ಮಲಗಿದೆ. ಅತ್ತ ಸಾಹುಕಾರರ ಫೋನು: "ಓಟಿಪಿ ಇನ್ನೂ ಬಂದಿಲ್ಲವಲ್ಲರೀ?" ನಾಲ್ಕು ಸಾವಿರದ ಡಬ್ಬಿಯ ಪಕ್ಕದಲ್ಲೇ ಮೊಬೈಲ್ ಹಾಟ್‌ಸ್ಪಾಟ್ ಹಾಕಿಕೊಂಡು ಆ ರಾತ್ರಿ ಪಾರಾದೆ.

ದೋಷ ಸಿಕ್ಕಿದ್ದು ಮರುದಿನ. ಫೈಬರ್ ತುಂಡಾಗುವುದು ಬೀದಿಯಲ್ಲಿ. ಮೋಡೆಮ್‌ನಿಂದ ರೌಟರಿಗೆ ಬರುವ ಮೊಳದುದ್ದದ ತಂತಿಗೆ ಏನೂ ಆಗಿರುವುದಿಲ್ಲ. ರೌಟರ್ ನೋಡುವುದು ಅದೊಂದನ್ನೇ. ಅಂಗಡಿಯಲ್ಲಿ ಕಿತ್ತದ್ದೂ ಅದನ್ನೇ! ಪಿಂಗ್ ಮಾಡಿ ಇಂಟರ್ನೆಟ್ ನಿಜಕ್ಕೂ ಇದೆಯೇ ಎಂದು ಪರೀಕ್ಷಿಸುವ ಸೆಟ್ಟಿಂಗ್ ಮೂರು ಪುಟಗಳ ಒಳಗೆ ಅಡಗಿತ್ತು, ಅದೂ ಆಫ್ ಆಗಿಯೇ ಬಂದಿತ್ತು. ಆನ್ ಮಾಡಿ, ಪಿಂಗ್ ಮಾಡಿ ನೋಡಲು 8.8.8.8, 1.1.1.1 ಎಂಬ ಎರಡು ಇಂಟರ್ನೆಟ್ ವಿಳಾಸಗಳನ್ನೂ ಕೊಟ್ಟೆ. ಒಂದನ್ನೇ ಕೊಟ್ಟರೆ, ಅದೊಂದು ಉತ್ತರಿಸದಿದ್ದರೂ ವೃಥಾ ಸಿಮ್‌ಗೆ ಜಿಗಿಯುತ್ತದೆ. ಇಷ್ಟನ್ನು ಡಬ್ಬಿಯೊಳಗಿನ ಕಾಗದದಲ್ಲಿ ಒಂದು ಸಾಲು ಬರೆದಿದ್ದರೆ ಕಂಪನಿಯ ಗಂಟೇನು ಹೋಗುತ್ತಿತ್ತು?

ಆಮೇಲಿನ ಹನ್ನೊಂದು ತಿಂಗಳು ನನ್ನ ಸಿಟ್ಟನ್ನು ಇಳಿಸಿವೆ ಎಂಬುದೂ ನಿಜ. ಅರ್ಧ ನಿಮಿಷದೊಳಗೆ ಸಿಮ್ ಏಳುತ್ತದೆ. ಐಪಿ ವಿಳಾಸ ಬದಲಾಗುವುದರಿಂದ ಬ್ಯಾಂಕಿನ ತಾಣ ಮತ್ತೆ ಲಾಗಿನ್ ಕೇಳುತ್ತದೆ, ಅಷ್ಟೇ. ಒಂದು ಸಂಜೆ ಮಗಳ ಮೊಬೈಲಿನ ಫೋಟೊಗಳೆಲ್ಲ ಕ್ಲೌಡ್‌ಗೆ ಅಪ್‌ಲೋಡ್ ಆಗಿ ಸಿಮ್‌ನ ದಿನದ ಒಂದೂವರೆ ಜಿಬಿ ನುಂಗಿದ್ದಕ್ಕೆ ರೌಟರನ್ನು ಬೈಯಲಾರೆ. ಮೋಡೆಮ್‌ಗೂ ಇದಕ್ಕೂ ಸೇರಿಸಿ 12 ವೋಲ್ಟಿನ ಮಿನಿ ಯುಪಿಎಸ್ ಹಾಕಿದ್ದೇನೆ. ಕರೆಂಟ್ ಹೋಗಿ ಫ್ಯಾನ್ ನಿಂತು ಬೆವರಿಳಿಯುತ್ತಿದ್ದರೂ ರಿಟರ್ನ್ ಹೋಗುತ್ತದೆ. ಐದಕ್ಕೆ ಮೂರು ಅಂಕ.

ಈಗ ಪ್ರತಿ ತಿಂಗಳು 19ರ ರಾತ್ರಿ ಊಟವಾದ ಮೇಲೆ, ಹಸಿರು ಮೂತಿಯ ಫೈಬರ್ ತುದಿಯನ್ನೇ ಮೋಡೆಮ್‌ನಿಂದ ಎಳೆದು, ಧೂಳು ಕೂರದಂತೆ ಟೊಪ್ಪಿಗೆ ಹಾಕಿ, ಗಡಿಯಾರ ನೋಡುತ್ತ ನಿಲ್ಲುತ್ತೇನೆ. ಧಾರಾವಾಹಿ ನಿಂತಿತೆಂದು ಹೆಂಡತಿ ಒಳಗಿನಿಂದ ಕೂಗುತ್ತಾಳೆ. ಕೂಗು ನಿಂತರೆ ಸಿಮ್ ಎದ್ದಿತೆಂದು ಲೆಕ್ಕ.